ನಲ್ಲಿ ಬಿಟ್ಟುಕೊಂಡು

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ನನ್ನ ಪಕ್ಕದಲ್ಲೇ ಒಬ್ಬ ಪ್ಲಂಬರೂ ಅವರ ಹೆಂಡತಿಯೂ ಕೂತಿದ್ದರು. ಆಕೆ ಫೋನ್ ಇಟ್ಟು ಗಂಡನಿಗೆ ಹೇಳಿದರು:

“ಮಗಳು. ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದಾಳಂತೆ.”

“ದೇವರಿಲ್ಲ ಅನ್ನೋ ಮನೇಲಿ ಹುಟ್ಟಿ, ಇವಳಿಗೆಲ್ಲಿಂದ ಅಂಟ್ಕೊಂಡಿತೋ ಇದು!”

“ಹೈಸ್ಕೂಲಿಂದಾನೇ ಇದೆಯಂತೆ. ನಮಗೆ ಕೇಳಿಸ್ಬಾರ್ದು ಅಂತ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಮಾಡ್ತಿದ್ಲಂತೆ.”

“ನೀರು ಪೋಲು ಮಾಡ್ತಾಳೆ ಅಂತ ದಿನಾ ಬೈತಿದ್ನಲ್ಲೇ ನಾನು.”

“ಬೈದಿದ್ದಷ್ಟೇನಾ? ಒತ್ತಿದ್ರೆ ಹತ್ತೇ ಸೆಕೆಂಡಿಗೆ ತಾನಾಗಿ ನಿಲ್ಲೋ ನಲ್ಲಿ ತಂದು ಕೂರಿಸಿದ್ರಿ. ನಾನೂ ಭೇಷ್ ಅಂದೆ.”

“ಆಮೇಲೇನು ಮಾಡಿದ್ಲಂತೆ?”

“ಹತ್ತು ಸೆಕೆಂಡಿಗೊಂದ್ಸಲ ಒತ್ಕೊಂಡೇ ಮಾಡಿದ್ಲಂತೆ.”

ಪ್ಲಂಬರು ತಮ್ಮ ಹೆಬ್ಬೆರಳು ನೋಡಿಕೊಂಡರು.

“ಕೇಳಿಸಿದ್ರೆ ನಾವೇನು ಹೊಡೀತಿದ್ವೇನೇ?”

“ಹೊಡೀತಿರ್ಲಿಲ್ಲ. ಇಬ್ರೂ ಸೇರಿ ನಗ್ತಿದ್ವಿ.”

ನರ್ಸ್ ಹೆಸರು ಕರೆದರು. ಅವರು ಎದ್ದು, ವಾಚ್ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು.

“ಫೋನ್ ಮಾಡು ಅವಳಿಗೆ. ನಮ್ಮನೇಲಿ ಜೋರಾಗೇ ಮಾಡ್ಕೋ ಅನ್ನು.”

“ಫೋನ್ ಯಾಕ್ರೀ, ಕೆಳಗೇ ಇದಾಳೆ. ನೀವು ನಗ್ತೀರಿ ಅಂತ ಮೇಲೆ ಬಂದಿಲ್ಲ.”

ಅವರು ಮೆಟ್ಟಿಲ ಕಡೆ ತಿರುಗಿದರು. ಅಷ್ಟರಲ್ಲಿ ನರ್ಸ್ ಇನ್ನೊಮ್ಮೆ ಕರೆದು, ಅವರನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದರು.