ಕೊನೆಯ ಲಾಟೀನಿನ ಕಾಳಯ್ಯ

ಇದು ಎಲ್ಲೋ ಕೇಳಿದ ಮಾತಲ್ಲ. ನಮ್ಮ ಸೋದರತ್ತೆ ಮಗ ಷಡಕ್ಷರಿಗೇ ಆದದ್ದು, ತೊಂಬತ್ತೇಳನೇ ಇಸವಿ ಚಳಿಗಾಲದಲ್ಲಿ.

ಆಗ ಶ್ರೀರಾಂಪುರದ ಆಚೆಗೆ ಹೊಸ ಬಡಾವಣೆ. ಸೈಟುಗಳೆಲ್ಲ ಖಾಲಿ, ಮನೆ ಅಂತ ಇದ್ದದ್ದು ಇವನದೊಂದೇ. ಹೆಂಡತಿ ಚೂಡಾಮಣಿ ಆಸೆಪಟ್ಟು ಕಟ್ಟಿಸಿದ್ದು. ಗೃಹಪ್ರವೇಶಕ್ಕೆ ಮೊದಲೇ ಕಾಯಿಲೆ ಬಿದ್ದು ಹೋಗಿಬಿಟ್ಟಳು. ಮಕ್ಕಳಿಲ್ಲ. ಮೇಟಗಳ್ಳಿ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು ಮುಗಿಸಿ, ಕಂಪನಿ ಬಸ್ಸಿಳಿದು, ಪಾಳುಬಾವಿ ಪಕ್ಕದ ಆಲದಮರ ದಾಟಿ ನಡೆದು ಬರಬೇಕು. ಬೀಗ ತೆಗೆದರೆ ಒಳಗಿಂದ ಒಂದು ಸೊಲ್ಲಿಲ್ಲ.

ಆ ರಾತ್ರಿ ಆಲದಮರ ದಾಟಿದ... ಹಿಂದೆ ಕಿರ್... ಕಿರ್... ಅಂತ ತಂತಿ ಹಿಡಿಕೆ ತೂಗಾಡೋ ಸದ್ದು. ತಿರುಗಿದ. ಖಾಲಿ ಸೈಟಿನ ನಡುವೆ ಒಬ್ಬ ಕುಕ್ಕರಗಾಲಲ್ಲಿ ಕೂತಿದ್ದಾನೆ. ತಲೆಗೆ ಟವಲ್ಲು, ಕೈಯಲ್ಲಿ ಲಾಟೀನು. ಬೆಳಕು ಅವನ ಮುಖದ ಮೇಲೆ ಮಾತ್ರ ಬೀಳುತ್ತಿಲ್ಲ.

"ಬಂತಾ ಬುದ್ಧಿ?" ಅಂದ, ಪಿಸುದನಿಯಲ್ಲಿ.

"ಏನು?"

"ಇಮಾನ..."

ಷಡಕ್ಷರಿಗೆ ಬೆನ್ನಲ್ಲಿ ಬೆವರಿಳಿಯಿತು. ರೆಪ್ಪೆ ಬಡಿದು ನೋಡಿದರೆ ಬರೀ ಹುಲ್ಲು... ಸೀಮೆಎಣ್ಣೆ ವಾಸನೆ.

ಬೆಳಿಗ್ಗೆ ಹಾಲು ಹಾಕೋ ಮುದ್ದಮ್ಮನನ್ನು ಕೇಳಿದ. ಮುದುಕಿ ಆ ಜಾಗದಲ್ಲೇ ಹುಟ್ಟಿ ಬೆಳೆದವಳು. ಕ್ಯಾನು ಕೆಳಗಿಟ್ಟಳು.

"ಅವ್ನು ನಮ್ಮ ದೊಡ್ಡಪ್ಪನ ಮಗ ಕಾಳಯ್ಯ, ಸ್ವಾಮೇರೆ. ಬಿಳಿಯೋರ ಯುದ್ಧದ ಕಾಲ್ದಲ್ಲಿ ಮಿಲಿಟ್ರಿಯೋರು ನಮ್ಮ ರಾಗಿ ಹೊಲನೆಲ್ಲ ಸಪಾಟು ಮಾಡಿ ಇಮಾನ ಇಳಿಸ್ತಿದ್ರು. ಯುದ್ಧ ಮುಗಿಯೋಗಂಟ ಅಷ್ಟೆ ಅಂದ್ರು. ಕತ್ಲಲ್ಲಿ ದಾರಿ ಕಾಣ್ಲಿ ಅಂತ ನಮ್ಮೂರ ಗಂಡಸರು ಸಾಲಾಗಿ ಲಾಟೀನು ಹಿಡ್ಕೊಂಡು ಕೂರೋರು. ಕಾಳಯ್ಯಂದು ಕೊನೇ ಲಾಟೀನು. ಒಂದಿನ ಇಮಾನ ಬರ್ಲೇ ಇಲ್ಲ. ಮಿಕ್ಕೋರ್ನೆಲ್ಲ ಮನೆಗೆ ಕಳಿಸ್ಬುಟ್ರು. ಇವ್ನಿಗೆ ಸಾಕು ಬಾ ಅಂತ ಒಬ್ರೂ ಹೇಳ್ಲಿಲ್ಲ... ಬೆಳಿಗ್ಗೆ ನೋಡಿದ್ರೆ, ಚಳಿಗೆ ಕೂತಂಗೇ ಹೋಗ್ಬುಟ್ಟಿದ್ದ."

"ಆಮೇಲೆ?"

"ಆಮೇಲೇನು. ಗುಡಾರ ಕಿತ್ಕೊಂಡು ಅವ್ರು ಹೋದ್ರು. ಗಟ್ಟಿ ಬಿದ್ದ ನೆಲದಲ್ಲಿ ರಾಗಿ ಬರ್ಲಿಲ್ಲ. ಊರೂ ಹೋಯ್ತು. ಈಗ ಸೈಟು."

ಅವತ್ತು ಮಷೀನಿನ ಮುಂದೆ ನಿಂತರೂ ಷಡಕ್ಷರಿಗೆ ಅದೇ ಯೋಚನೆ. ಹೆದರಿಕೆ ಇತ್ತು, ನಿಜ. ಆದರೂ ಸಾಕು ಬಾ ಅಂತ ಅವನಿಗೆ ಯಾರಾದರೂ ಹೇಳಬೇಕಲ್ಲ. ರಾತ್ರಿ ಹಣೆ ತುಂಬ ವಿಭೂತಿ ಬಳಿದುಕೊಂಡು ಅದೇ ದಾರಿ ಹಿಡಿದ.

ಕೂತಿದ್ದ.

"ಬಂತಾ ಬುದ್ಧಿ?"

"ಇನ್ನು ಬರಲ್ಲ ಕಣಪ್ಪ. ಯುದ್ಧ ಮುಗೀತು. ಸಾಕು... ಮನೆಗೆ ಹೋಗು."

ಲಾಟೀನಿನ ಗಾಜು ಚಿಟ್ ಅಂತು. ಅವನು ಮೆಲ್ಲಗೆ ಎದ್ದ. ಮಂಡಿ ಲಟಕ್ಕೆಂದವು. ಅತ್ತ ನೋಡಿದ, ಇತ್ತ ನೋಡಿದ. ಎಲ್ಲ ಕಡೆ ಸೈಟಿನ ಕಲ್ಲು.

"ಮನೆ ಯಾವ ಕಡೆ ಬುದ್ಧಿ?"

ಷಡಕ್ಷರಿ ಬಾಯಿಗೆ ಬಂದದ್ದು ಅಂದುಬಿಟ್ಟ. "ನಮ್ಮನೆಗೇ ಬಾರಪ್ಪ. ನಾನೂ ಒಬ್ಬನೇ."

ದೀಪ ಆರಿತು. ದಾರಿಯುದ್ದಕ್ಕೂ ಬೆನ್ನ ಹಿಂದೆ ಬರಿಗಾಲಿನ ಸದ್ದು... ತಪ್... ತಪ್... ಅವನು ತಿರುಗಿ ನೋಡಲಿಲ್ಲ. ಗೇಟು ತೆರೆದು, ಹಾಗೇ ಬಿಟ್ಟು ಒಳಗೆ ಹೋದ.

ಬಾವಿ ಹತ್ತಿರ ಆಮೇಲೆ ಯಾರೂ ಕಾಣಿಸಿಲ್ಲ.

ನಿಮಗೆ ಸುಳ್ಳು ಹೇಳಿ ನನಗೇನಾಗಬೇಕು? ಮುಂದಿನ ತಿಂಗಳು ಷಡಕ್ಷರಿ ಜ್ವರ ಬಂದು ಉದಯಗಿರಿಯ ನಮ್ಮ ಮನೆಯಲ್ಲಿ ಮಲಗಿದ್ದ. ಅವನ ಬಟ್ಟೆ ತರೋಣ ಅಂತ ಬೆಳಕು ಹರಿಯುವಾಗ ನಾನೇ ಹೋದೆ. ಬಾಗಿಲಿಗೆ ಬೀಗ. ಜಗಲಿ ಕಲ್ಲಿನ ಮೇಲೆಲ್ಲ ಇಬ್ಬನಿ ಕೂತಿತ್ತು, ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅಲ್ಲಿ ಒಣಗಿತ್ತು. ನಾನೇ ಕೈಯಿಟ್ಟು ನೋಡಿದ್ದು ಕಣ್ರೀ. ಬೆಚ್ಚಗಿತ್ತು.