ಅಡುಗೆಮನೆ ಕಿಟಕಿ ಒಡೆದ ಬಗ್ಗೆ ಮನೆಯ ಯಜಮಾನನ ಹೇಳಿಕೆ

ನಾನು, ಹೆಸರು ಗುರುತಿನ ಚೀಟಿಯಲ್ಲಿರುವಂತೆ, ವಯಸ್ಸು ನಲವತ್ತಾರು, ವೃತ್ತಿ ಕನ್ನಡಕದ ಅಂಗಡಿ, ವಾಸ ಠಾಣೆಯ ಹಿಂದಿನ ರಸ್ತೆಯ ಮೂಲೆ ಕಟ್ಟಡದ ನೆಲಮಹಡಿ, ಠಾಣೆಗೆ ನಾನಾಗಿಯೇ ನಡೆದು ಬಂದು ಬರೆಸುತ್ತಿರುವುದು ಏನೆಂದರೆ:

ಮೇಲಿನ ವಿಳಾಸದಲ್ಲಿ ನಾನು, ನನ್ನ ಹೆಂಡತಿ ಮತ್ತು ಎಪ್ಪತ್ತೆಂಟು ವರ್ಷದ ನನ್ನ ತಾಯಿ ವಾಸವಾಗಿರುತ್ತೇವೆ. ಮನೆಯ ಫೋಟೋ, ಕಾಗದಪತ್ರ, ಪಾಸ್‌ವರ್ಡ್, ದೀಪ, ಬಾಗಿಲಿನ ಬೀಗ ಎಲ್ಲವನ್ನೂ ಚಪ್ಪಲಿ ಕಪಾಟಿನ ಮೇಲಿರುವ ನನ್ನ ಸ್ವಂತ ಸರ್ವರ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಯಾವ ಕಂಪನಿಯ ಹಂಗೂ ನಮಗಿಲ್ಲ. ಇದುವರೆಗೆ ಒಂದು ಫೋಟೋ ಕೂಡ ಕಳೆದುಹೋಗಿಲ್ಲ. ಈ ಮಾತು ಪ್ರಕರಣಕ್ಕೆ ಬೇಡ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಹೇಳಿದರು. ಬೇಕೇ ಬೇಕು ಎಂದು ನಾನು ಪಟ್ಟು ಹಿಡಿದಿದ್ದರಿಂದ ಬರೆದಿದ್ದಾರೆ.

ತಾಯಿಯವರು ಮುಂಬಾಗಿಲು ಮುಚ್ಚಲು ಮರೆಯುತ್ತಾರೆಂದು ಕಳೆದ ತಿಂಗಳು ಹಳೆಯ ಚಿಲಕ ತೆಗೆದು, ತಾನಾಗಿ ಬೀಳುವ ಬೀಗ ಕೂರಿಸಿದೆ. ಹೊರಗಿನಿಂದ ನನ್ನ ಫೋನ್, ಒಳಗಿನಿಂದ ಗೋಡೆಯ ಗುಂಡಿ. ಯಾವುದನ್ನು ಒತ್ತಿದರೂ ಬೀಗ ಸರ್ವರನ್ನು ಕೇಳಿಯೇ ತೆಗೆದುಕೊಳ್ಳುತ್ತದೆ. ಒಂದು ಮಾಮೂಲಿ ಬೀಗದ ಕೈಯೂ ಇರಲಿ ಎಂದು ಹೆಂಡತಿ ಹೇಳಿದ್ದುಂಟು. ಅದು ಇಲ್ಲಿ ಅಪ್ರಸ್ತುತ.

ಇಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಸರ್ವರ್‌ನ ತಂತ್ರಾಂಶಗಳನ್ನು ಹೊಸದು ಮಾಡಿದೆ. ಹೊಸ್ತಿಲಲ್ಲಿ ನಿಂತು ಫೋನಿನಿಂದಲೇ ಮರುಚಾಲನೆಯ ಆಜ್ಞೆ ಕೊಟ್ಟು, ಅದು ಏಳುವಷ್ಟರಲ್ಲಿ ಕಸ ಹಾಕಿ ಬರೋಣವೆಂದು ಹೊರಟೆ. ಹಿಂದೆ ಬಾಗಿಲು ಬಿತ್ತು. ವಾಪಸು ಬಂದಾಗ ಜಪ್ಪಯ್ಯ ಎಂದರೂ ಬೀಗ ತೆಗೆಯಲಿಲ್ಲ. ಮರುಚಾಲನೆಯಾದಾಗಲೆಲ್ಲ ಸರ್ವರ್ ತನ್ನ ಡಿಸ್ಕ್ ತೆರೆಯಲು ಮಾರುದ್ದದ ಒಂದು ಪಾಸ್‌ವರ್ಡ್ ಕೇಳುತ್ತದೆ. ಕಳ್ಳರ ಭಯಕ್ಕೆ ನಾನೇ ಹಾಗೆ ಮಾಡಿದ್ದು, ಸರಿಯಾಗಿಯೇ ಮಾಡಿದ್ದು. ಅದನ್ನು ಫೋನಿನಿಂದಲೂ ಕೊಡಬಹುದು. ಆದರೆ ಆ ಪಾಸ್‌ವರ್ಡ್ ಇರುವುದು ಅದೇ ಸರ್ವರ್‌ನೊಳಗೆ. ಮುನ್ನೆಚ್ಚರಿಕೆಗೆಂದು ಚೀಟಿಯಲ್ಲಿ ಬರೆದ ಇನ್ನೊಂದು ಪ್ರತಿಯನ್ನು ಸರ್ವರ್‌ನ ತಳಕ್ಕೆ ಅಂಟಿಸಿದ್ದೇನೆ.

ಬಾಗಿಲು ಬಡಿದೆ. ತಾಯಿಯವರು ಬಂದು ಒಳಗಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಟಕಟಕ ಸದ್ದು ಕೇಳಿಸಿತು. ಬೀಗ ಅವರ ಮಾತನ್ನೂ ಕೇಳಲಿಲ್ಲ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಹಾಲು ಸೀದ ವಾಸನೆ ಬಂತು. ಒಲೆ ಆರಿಸಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರ ಕಿವಿಯ ಯಂತ್ರವನ್ನು ಚಾರ್ಜಿಗೆ ಹಾಕಿದ್ದವನು ನಾನೇ. ಅದು ನೆನಪಾದದ್ದೇ ತಡ, ಹಿತ್ತಲಿಗೆ ಓಡಿ, ಹೂಕುಂಡದಿಂದ ಸರಳಿಲ್ಲದ ಅಡುಗೆಮನೆ ಕಿಟಕಿಯ ಗಾಜು ಒಡೆದು ಒಳಗೆ ಹಾರಿದೆ.

ಒಲೆ ಆರಿತ್ತು. ತಾಯಿಯವರೇ ಆರಿಸಿದ್ದರು. ಅವರು ಹಜಾರದಲ್ಲಿ ಹಳೆಯ ಫೋನಿನ ಪಕ್ಕ ಕುಳಿತಿದ್ದರು. ನಾನು ಬಡಿದದ್ದೂ ಕೂಗಿದ್ದೂ ಕೇಳಿಸದೆ, ಮಗ ಬಾಗಿಲು ಹಾಕಿಕೊಂಡು ಹೋಗಿದ್ದಾನೆ, ತನಗೆ ತೆಗೆಯಲು ಆಗುತ್ತಿಲ್ಲ ಎಂದು ಠಾಣೆಗೆ ವಿಳಾಸ ಸಮೇತ ಹೇಳಿ, ಉತ್ತರ ಹೇಗೂ ಕೇಳಿಸುವುದಿಲ್ಲವೆಂದು ಫೋನ್ ಇಟ್ಟುಬಿಟ್ಟಿದ್ದರು. ಐದೇ ನಿಮಿಷದಲ್ಲಿ ಇದೇ ಪೇದೆಯವರು ಬಂದು, ಹೆತ್ತ ತಾಯಿಯನ್ನು ಕೂಡಿಹಾಕಿದ್ದೇಕೆಂದು ಒಡೆದ ಕಿಟಕಿಯಿಂದಲೇ ವಿಚಾರಿಸಿದರು. ನಾನು ಚೀಟಿ ನೋಡಿ ಪಾಸ್‌ವರ್ಡ್ ಕೊಟ್ಟೆ. ಸರ್ವರ್ ಎದ್ದಿತು, ಬೀಗ ತೆಗೆಯಿತು, ಒಂದು ಕಡತವೂ ಹಾಳಾಗಿರಲಿಲ್ಲ.

ಇದು ಕೂಡಿಹಾಕುವ ಬೀಗವಲ್ಲ, ತಾಯಿಯವರ ಮರೆವಿಗಾಗಿ ಹಾಕಿದ್ದು ಎಂದು ಪೇದೆಯವರಿಗೆ ಬಿಡಿಸಿ ಹೇಳಿದೆ. ತಾಯಿಯವರು ಆಗಲೇ ಕಿವಿಯ ಯಂತ್ರ ಹಾಕಿಕೊಂಡಿದ್ದರು.

"ನಾನು ಮರೀತಿರಲಿಲ್ಲ ಕಣೋ," ಎಂದರು. "ನೀವಿಬ್ರೂ ಹೋದ್ಮೇಲೆ ಓಡಾಡೋ ಜನ ಕಾಣ್ಲಿ ಅಂತ ಬೇಕಂತ್ಲೇ ತೆಗೆದಿಡ್ತಿದ್ದೆ."

ನನಗೆ ಬಹಳ ಬೇಸರವಾಯಿತು ಎಂದೇ ಬರೆದುಕೊಳ್ಳಬಹುದು. ಪೇದೆಯವರ ಎದುರೇ ಬೀಗ ಬಿಚ್ಚಿ ಚಿಲಕ ಕೂರಿಸಿದೆ. ಸರ್ವರ್‌ಗೆ ಮಿಕ್ಕ ಕೆಲಸ ಬೇಕಾದಷ್ಟಿದೆ. ಈ ಹೇಳಿಕೆ ಬರೆಸುವ ಹೊತ್ತಿಗೆ ನನ್ನ ಮನೆಯ ಮುಂಬಾಗಿಲು ಹಾರುಹೊಡೆದಿದ್ದು, ತಾಯಿಯವರು ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತಿರುತ್ತಾರೆ.

ಓದಿ ಹೇಳಿದ್ದನ್ನು ಕೇಳಿಸಿಕೊಂಡೆ. ನಡೆದದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆ
ದಿನ: ಭಾನುವಾರ, ಮಧ್ಯಾಹ್ನ
ಸಹಿ: ಹೇಳಿಕೆ ಕೊಟ್ಟ ಮಗ