ಎತ್ತಿಟ್ಟರೆ ಉಳಿಯದ ನೀರು

ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅಕ್ಕತಂಗಿಯರು ಕೂತಿದ್ದರು. ಅವರ ಅಪ್ಪ ಒಳಗಿದ್ದರು. ಅಕ್ಕನ ಮಡಿಲಲ್ಲಿ ಒಂದು ಚೀಲ, ಕೈಯಲ್ಲಿ ಬಾಟಲಿ.

"ಅದೇನಕ್ಕಾ?"

"ಅಪ್ಪನ ಕಾಲಿನ ಗಾಯ ತೊಳೆಯೋಕೆ ಇಲ್ಲಿ ಕೊಡ್ತಿದ್ದ ನೀರು ಕಣೇ. ಸ್ವಲ್ಪ ಎತ್ತಿಟ್ಟಿದ್ದೆ."

"ಅಯ್ಯೋ, ಆವತ್ತಿಂದು ಆವತ್ತೇ ಮುಗಿಸಿ ಅಂದಿದ್ರಲ್ಲ ನರ್ಸಮ್ಮ!"

"ಅಷ್ಟು ಒಳ್ಳೇದನ್ನ ಚೆಲ್ಲೋಕೆ ಮನಸ್ಸು ಬರುತ್ತೇನೇ? ಈಗ ನರ್ಸಮ್ಮಂಗೆ ತೋರಿಸಿದ್ರೆ, ಇದರ ಶಕ್ತಿ ಹೋಗಿದೆ, ಬರೀ ನೀರು ಅಂತಾರೆ."

"ಮೊದಲೂ ನೀರೇ ಅಲ್ವಾ? ನಾನೇ ನೋಡ್ದೆ. ಚೂರು ಉಪ್ಪು ಹಾಕಿ, ಮಷೀನಲ್ಲಿ ಕರೆಂಟ್ ಹಾಯಿಸಿದ್ರು."

"ಅಷ್ಟಕ್ಕೇ ಕ್ರಿಮಿ ಸಾಯುತ್ತೆ ಅಂದ್ರೆ!"

"ಉರೀತಾ ಅಂತ ಕೇಳಿದ್ರೆ, ತಣ್ಣಗಿದೆ ಅಂದ್ರು ಅಪ್ಪ."

"ಮಾತ್ರೆ ಜೊತೆಗೆ ದಿನಾ ಇದರಲ್ಲೇ ತೊಳೆದಿದ್ದು. ಮೊದಲು ಡಾಕ್ಟ್ರು ಪಾದಾನೇ ತೆಗೀಬೇಕಾಗಬಹುದು ಅಂದಿದ್ರಲ್ಲೇ..."

"ಕೆಲಸ ಮುಗಿಸಿ ಮತ್ತೆ ನೀರಾಗಿಬಿಡುತ್ತೆ, ನೋಡಕ್ಕಾ. ಏನೂ ಮಾಡೇ ಇಲ್ಲ ಅನ್ನೋ ಹಾಗೆ."

ಬಾಗಿಲು ತೆರೆಯಿತು. ಅಪ್ಪ ಗೋಡೆ ಹಿಡಿಯದೆ ನಡೆದು ಬಂದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಪಟ್ಟಿ ಇರಲಿಲ್ಲ.

ಅಕ್ಕ ಬಾಟಲಿಯ ನೀರನ್ನು ಕಿಟಕಿಯ ಹೂಕುಂಡಕ್ಕೆ ಸುರಿದಳು. ಆಮೇಲೆ ಚೀಲದಿಂದ ಒಂಟಿ ಚಪ್ಪಲಿ ತೆಗೆದು, ಒರೆಸಿ, ಅಪ್ಪನ ಪಾದದ ಬಳಿ ಇಟ್ಟಳು.

"ಇದನ್ನೂ ಎತ್ತಿಟ್ಟಿದ್ದೆ, ಅಪ್ಪಾ."

ಮೂವರೂ ಮೆಟ್ಟಿಲಿಳಿದು ಹೋದರು.